ವಿಶಾಲಾಕ್ಷಿಯ ಹೊಗೆಗೂಡು

ಮದುವೆಗೆ ಮುಂಚೆ ವಿಶಾಲಾಕ್ಷಿ ಹಾಕಿದ ಷರತ್ತು ಒಂದೇ ಒಂದು: ಮನೆಯೊಳಗೆ ಬಾಟಲಿ ಬರಕೂಡದು. ಮೈಸೂರಿನ ಒಂಟಿಕೊಪ್ಪಲಿನ ಅವರ ನಡುಮನೆಯಲ್ಲಿ, ಹುಡುಗನ ಕಡೆಯವರು ಇನ್ನೂ ಉಪ್ಪಿಟ್ಟು ತಿನ್ನುತ್ತಿದ್ದಾಗಲೇ ಹೇಳಿಬಿಟ್ಟಳಂತೆ. ಡಾಕ್ಟರ್ ಉಮಾಶಂಕರ ತಲೆಯಾಡಿಸಿದರು. ಹದಿನಾಲ್ಕು ವರ್ಷ ಆ ಮಾತನ್ನು ಚಾಚೂ ತಪ್ಪದೆ ಉಳಿಸಿಕೊಂಡರು. ಹದಿನೈದನೆಯ ವರ್ಷ, ಅಂದರೆ 1993ರಲ್ಲಿ, ಬಾಟಲಿಯ ಬದಲು ಇಡೀ ಹೆಂಡದಂಗಡಿಯನ್ನೇ ಕೊಂಡರು.

ನಾನು ಧಾರವಾಡದವಳು, ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಹೆಂಡದಂಗಡಿ ಎಂದರೆ ಹೆಂಡದಂಗಡಿಯೇ. ಲಂಡನ್ನಿನ ಅಂಚಿನ ಪಿನ್ನರ್‌ನಲ್ಲಿ, ಎಲ್ಲರೂ ಅಚ್ಚುಕಟ್ಟಾಗಿ ಬೇಲಿ ಕತ್ತರಿಸಿಕೊಂಡು ಬದುಕುವ ಬೀದಿಯ ಕೊನೆಗೆ, ಬೆನ್ನು ಬಗ್ಗಿದ ಒಂದು ಮನೆ. ಮುನ್ನೂರೈವತ್ತು ವರ್ಷ ಹಳೆಯದು. ಹಿಂದಿನ ಕೋಣೆಯಲ್ಲಿ ಬಾರ್ಲಿ ಕುದಿಸಿ ಏಲ್ ಎನ್ನುವ ಬಿಯರು ಮಾಡುವುದು, ಮುಂದಿನ ಕೋಣೆಯಲ್ಲಿ ಕೂತವರಿಗೆ ಗೋಡೆಯ ಕಿಂಡಿಯಿಂದ ಚೊಂಬು ಚೊಂಬು ಕೊಡುವುದು, ಇದೇ ಅದರ ಕಸುಬಾಗಿತ್ತು. ಕಸುಬು ನಿಂತು ನೂರೈವತ್ತು ವರ್ಷವಾಗಿದ್ದರೂ ಕಿಂಡಿ ಹಾಗೇ ಇತ್ತು. ಪೀಪಾಯಿ ಇಳಿಸುವ ನೆಲಮಾಳಿಗೆಯ ಬಾಗಿಲೂ ಹಾಗೇ ಇತ್ತು.

ಮನೆ ತೋರಿಸಲು ಕರೆದುಕೊಂಡು ಹೋದ ದಿನ ನಾನೂ ಜೊತೆಗಿದ್ದೆ. ಉಮಾಶಂಕರ ಕೆಲಸ ಮಾಡುವ ಆಸ್ಪತ್ರೆಯಲ್ಲೇ ನಾನು ವಾರ್ಡ್ ಕ್ಲರ್ಕು, ವಿಶಾಲಾಕ್ಷಿಗಿಂತ ಮೂರು ವರ್ಷಕ್ಕೆ ದೊಡ್ಡವಳು, ಹಾಗಾಗಿ ಇಂಥ ಸಮಯಕ್ಕೆಲ್ಲ ನನ್ನನ್ನು ಕರೆಯುತ್ತಿದ್ದರು. ಜಗಳವಾದರೆ ಬಿಡಿಸಲು ಒಬ್ಬರು ಬೇಕಲ್ಲ. ವಿಶಾಲಾಕ್ಷಿ ಹೊಸ್ತಿಲ ಆಚೆಯೇ ನಿಂತಳು.

"ನಾನು ಒಳಗೆ ಕಾಲಿಡಲ್ಲ ಕಣ್ರೀ."

"ವಿಶಾಲು, ಹಳೇ ಮನೆ ಅಂದ್ರೆ ಇಲ್ಲಿ ಎಷ್ಟು ಮರ್ಯಾದೆ ಗೊತ್ತಾ ನಿಂಗೆ?" ಎನ್ನುತ್ತ ಉಮಾಶಂಕರ ಠೀವಿಯಿಂದ ಒಳಗೆ ಹೆಜ್ಜೆ ಇಟ್ಟರು. ಆರಡಿ ಒಂದಂಗುಲದ ಮನುಷ್ಯ, ಐದಡಿ ಎಂಟಂಗುಲದ ತೊಲೆ. ಠಪ್ ಎಂದ ಸದ್ದು ಹೊರಗಿನ ತನಕ ಕೇಳಿಸಿತು.

ಹನ್ನೊಂದು ವರ್ಷದ ಮಗಳು ಬೃಂದಾ ಆಗಲೇ ಕಿಂಡಿಯಲ್ಲಿ ತಲೆ ತೂರಿಸಿ, "ಅಮ್ಮಾ, ಇಟ್ ವಾಸ್ ಎ ಪಬ್! ಹೌ ಕೂಲ್!" ಎಂದು ಕಿರುಚುತ್ತಿದ್ದಳು. ಗಂಡನ ಹಣೆ ನೀವಲಿಕ್ಕಾದರೂ ಒಳಗೆ ಹೋಗಬೇಕಾಯಿತು. ವಿಶಾಲಾಕ್ಷಿ ಆ ಮನೆಗೆ ಕಾಲಿಟ್ಟದ್ದು ಹೀಗೆ, ಬೈದುಕೊಂಡೇ.

ಆದರೆ ಹಿಂದಿನ ಕೋಣೆಗೆ ಹೋದಾಗ ಅವಳ ಬೈಗುಳ ಅರ್ಧಕ್ಕೆ ನಿಂತಿತು. ಮೂಲೆಯಲ್ಲಿ ಇಟ್ಟಿಗೆಯ ದುಂಡನೆ ಕಟ್ಟೆ, ನಡುವೆ ಗುಂಡಿ, ಕೆಳಗೆ ಬೆಂಕಿಯ ಬಾಯಿ. "ಅಯ್ಯೋ, ಹಂಡೆ ಒಲೆ!" ಎಂದಳು. ನಮ್ಮೂರ ಬಚ್ಚಲಲ್ಲಿ ನೀರು ಕಾಯಿಸುವ ಹಂಡೆ ಒಲೆಯೇ. ಏಲ್ ಕುದಿಸುವ ತಾಮ್ರದ ಹಂಡೆ ಕೂರುತ್ತಿದ್ದ ಜಾಗವಂತೆ. ಗೃಹಪ್ರವೇಶದ ಹಾಲನ್ನು ಅವಳು ಅದರ ಮೇಲೆಯೇ ಉಕ್ಕಿಸಿದಳು. ಅದಕ್ಕೆ ಮುಂಚೆ ಊರಿನಿಂದ ತಂದಿಟ್ಟಿದ್ದ ಗಂಗಾಜಲದ ಪುಟ್ಟ ತಾಮ್ರದ ಗಿಂಡಿ ಒಡೆದು, ಕಿಂಡಿಗೊಂದು ಹನಿ ಹೆಚ್ಚಿಗೆ ಚಿಮುಕಿಸಿದ್ದನ್ನು ನಾನು ನೋಡಿದ್ದೇನೆ.

ಇನ್ನು ನಿಜವಾದ ತಾಪತ್ರಯ. ಆ ಮನೆ ಕೌನ್ಸಿಲ್‌ನ ಅಂದರೆ ಅಲ್ಲಿನ ನಗರಸಭೆಯ, ರಕ್ಷಿತ ಪಟ್ಟಿಯಲ್ಲಿದ್ದ ಹಳೇ ಕಟ್ಟಡ. ಅಂಥ ಮನೆಗೆ ಯಜಮಾನರು ನೀವೇ, ಆದರೆ ಮೊಳೆ ಹೊಡೆಯಬೇಕಾದರೂ ಕೇಳಿ ಹೊಡೆಯಬೇಕು. ಮಾವಿನೆಲೆಯ ತೋರಣ ಕಟ್ಟಲು ಎರಡು ಮೊಳೆಗೆ ಅರ್ಜಿ ಹಾಕಿದವಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಂಡೆ ಒಲೆಯಿದ್ದ ಆ ಹಿಂದಿನ ಕೋಣೆಯೇ ಅಡುಗೆಮನೆ. ಅದರ ಕಿಟಕಿಯಂತೂ ಸೀಸದ ಪಟ್ಟಿಗಳಲ್ಲಿ ಚೂರು ಗಾಜು ಜೋಡಿಸಿದ್ದು, ತೆಗೆಯಲು ಬಾರದು. ಹಿತ್ತಿಲ ಬಾಗಿಲು ತೆಗೆದರೆ ಗಾಳಿ ಹೊಗೆಯನ್ನು ವಾಪಸ್ಸು ಒಳಗೇ ತಳ್ಳುತ್ತದೆ. ವಿಶಾಲಾಕ್ಷಿ ಸಾರಿಗೆ ಒಗ್ಗರಣೆ ಹಾಕಿದಳೆಂದರೆ ಬೆಂಕಿಗೆ ಎಚ್ಚರಿಸಲು ಸೂರಿಗೆ ಹಾಕಿದ ಹೊಗೆ ಗಂಟೆ ಬಡಿದುಕೊಳ್ಳುತ್ತಿತ್ತು, ಬೃಂದಾ ಟವೆಲ್ ಬೀಸುತ್ತ ಕುಣಿಯುತ್ತಿದ್ದಳು, ಪಕ್ಕದ ಮನೆಯ ನಾಯಿ ರಾಗ ತೆಗೆಯುತ್ತಿತ್ತು. ಎರಡು ಸಲ ಬೆಂಕಿ ಎಂಜಿನ್ ಬಂದುಹೋಯಿತು. ಎರಡನೆಯ ಸಲ ಬಂದವರು ಬಿಸಿಬೇಳೆಬಾತು ತಿಂದು, ಪಾತ್ರೆ ಖಾಲಿ ಮಾಡಿಯೇ ಹೋದರು.

ಅವಳು ಕೇಳಿದ್ದು ಏನು ದೊಡ್ಡದು? ಗೋಡೆಯಲ್ಲಿ ಒಂಬತ್ತಂಗುಲದ ಒಂದು ತೂತು. ಅದಕ್ಕೊಂದು ಫ್ಯಾನು. ಅಷ್ಟೇ.

ತೂತಿನ ಅರ್ಜಿ ಪರೀಕ್ಷಿಸಲು ಕೌನ್ಸಿಲ್‌ನ ಹಳೇಮನೆ ಅಧಿಕಾರಿ ಬಂದ. ಬಿಳಿ ಗಡ್ಡ, ತೇಪೆ ಹಾಕಿದ ಕೋಟು, ಹಾಡುಹಗಲಲ್ಲೂ ಕೈಯಲ್ಲಿ ಟಾರ್ಚು. ನಾವು ಅವನಿಗೆ ಟಾರ್ಚ್ ಸಾಹೇಬ ಎಂದೇ ಹೆಸರಿಟ್ಟೆವು. ಗೋಡೆಯ ಮುಂದೆ ನಿಂತು ದೇವರ ಮುಂದೆ ಮಾತಾಡುವಷ್ಟು ಮೆಲ್ಲಗೆ ಹೇಳಿದ: ಇದು ಸಾಮಾನ್ಯ ಗೋಡೆಯಲ್ಲ, ಕಡ್ಡಿ ಹೆಣೆದ ತಡಿಕೆಗೆ ಮಣ್ಣು, ಹುಲ್ಲು ಮತ್ತು ದನದ ಸಗಣಿ ಕಲಸಿ ಮೆತ್ತಿದ್ದು, ಇಂಥದ್ದು ಈಗ ಎಲ್ಲಿದೆ!

ವಿಶಾಲಾಕ್ಷಿ ನನ್ನ ಕಡೆ ತಿರುಗಿದಳು. "ಕಲ್ಯಾಣಕ್ಕ, ಇದು ನಮ್ಮಜ್ಜಿ ಮನೆ ಕೊಟ್ಟಿಗೆ ಗೋಡೆ ಅಲ್ವಾ! ಇದಕ್ಕೆ ಇಷ್ಟೊಂದು ಮರ್ಯಾದೆ ಅಂತ ಗೊತ್ತಿದ್ರೆ ಕೆಡವೋಕೆ ಬಿಡ್ತಿದ್ನಾ ನಾನು?"

"ಅವಗ ಹೇಳು, ಸಗಣಿ ಗ್ವಾಡಿಗೆ ನಾನs ಅಧಿಕಾರಿ, ನೀ ಸರಿ ಅತ್ತಾಗ ಅಂತ," ಎಂದೆ ನಾನು.

ಉತ್ತರ ಬಂತು. ಹೊಸ ತೂತಿಗೆ ಅನುಮತಿ ಇಲ್ಲ, ವಿಷಾದಿಸುತ್ತೇವೆ. ಮರುವರ್ಷ ಮತ್ತೆ ಅರ್ಜಿ, ಮತ್ತೆ ವಿಷಾದ. ಅವಳು ಆರಂಗುಲಕ್ಕೆ ಇಳಿದಳು, ಅವರು ವಿಷಾದಿಸಿದರು. ನಾಲ್ಕಂಗುಲಕ್ಕೆ ಇಳಿದಳು, ಆಗಲೂ ವಿಷಾದಿಸಿದರು. ಎಂಟು ವರ್ಷದಲ್ಲಿ ಕೌನ್ಸಿಲ್ ಆ ಹೆಂಗಸಿಗಾಗಿ ಪಟ್ಟಷ್ಟು ವಿಷಾದವನ್ನು ಅವಳ ಹತ್ತಿರದ ನೆಂಟರೂ ಪಟ್ಟಿರಲಾರರು. ಐದನೆಯ ಪತ್ರದಲ್ಲಿ ಮಾತ್ರ ಒಂದು ಸಾಲು ಹೆಚ್ಚಿಗೆ ಇತ್ತು. ಹೊಸದಾಗಿ ಕೊರೆಯುವ ಹಾಗಿಲ್ಲ. ಹೊಗೆ ಹೋಗಲು ಹಿಂದೆ ಇದ್ದ ದಾರಿ ಮುಚ್ಚಿಹೋಗಿದ್ದರೆ, ಅದಕ್ಕೆ ಪುರಾವೆ ಸಿಕ್ಕರೆ, ಅದನ್ನು ತೆರೆಯುವ ಬಗ್ಗೆ ಯೋಚಿಸಬಹುದು. ಆದರೆ ಪುರಾವೆ ಏನೂ ಕಾಣುತ್ತಿಲ್ಲ.

ಇಷ್ಟು ಗೋಳಿದ್ದರೆ ಆ ಮನೆ ಬಿಟ್ಟು ಹೋಗಬಾರದೇ ಎಂದು ನೀವು ಕೇಳುತ್ತೀರಿ. ಅಲ್ಲೇ ಇರುವುದು ಮಜಾ. ಲಂಡನ್ನಿನ ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗಿಸಲು ಪಾಡುಪಟ್ಟವರಿಗೆ ಮಾತ್ರ ಗೊತ್ತು. ಓವನ್ನಿನಲ್ಲಿ ದೀಪ ಹಚ್ಚಿಟ್ಟು, ಕಂಬಳಿ ಹೊದೆಸಿ, ಗಂಡನ ಸ್ವೆಟರ್ ತೊಡಿಸಿ ಮಲಗಿಸಿದರೂ ಬೆಳಿಗ್ಗೆ ಹಿಟ್ಟು ಹಾಗೇ ತಣ್ಣಗೆ ಕೂತಿರುತ್ತದೆ. ವಿಶಾಲಾಕ್ಷಿ ಜನವರಿಯಲ್ಲಿ ಒಂದು ದಿನ ಮರೆತು ಹಿಟ್ಟಿನ ಪಾತ್ರೆಯನ್ನು ಹಂಡೆ ಒಲೆಯ ಕಟ್ಟೆಯ ಮೇಲೆ ಬಿಟ್ಟಳು. ಬೆಳಿಗ್ಗೆ ನೋಡಿದರೆ ಹಿಟ್ಟು ಉಕ್ಕಿ, ಮುಚ್ಚಳ ತಳ್ಳಿ, ಕಟ್ಟೆಯಿಂದ ಇಳಿದು ನೆಲದ ಮೇಲೆ ಹೊರಟಿತ್ತು.

ಇನ್ನೂರು ವರ್ಷ ಏಲ್ ಹುದುಗಿದ ಕೋಣೆ, ಗೋಡೆಗಳಲ್ಲೇ ಆ ಗುಣ ಇದೆಯೋ ಏನೋ ಎಂದು ಟಾರ್ಚ್ ಸಾಹೇಬ ತಮಾಷೆಗೆ ಹೇಳಿದ. "ಹೆಂಡದ ಹುಳಾನಾ ನನ್ನ ದೋಸೆ ಹಿಟ್ಟಲ್ಲಿ?" ಎಂದು ಅವಳು ಒಂದು ಪಾತ್ರೆ ಹಿಟ್ಟನ್ನು ಚೆಲ್ಲಿದಳು. ಮರುವಾರ ಚೆಲ್ಲಲಿಲ್ಲ. ಅದರ ಮರುವಾರ ನಾನು ನನ್ನ ಡಬ್ಬಿಯನ್ನೂ ಒಯ್ದೆ.

ಸುದ್ದಿ ಹಬ್ಬಿತು. ಶನಿವಾರ ಸಂಜೆ ಹ್ಯಾರೋದಿಂದ, ವೆಂಬ್ಲಿಯಿಂದ, ಒಮ್ಮೆ ಇಲ್ಫರ್ಡ್‌ನಿಂದಲೂ ನಮ್ಮ ಹೆಂಗಸರು ಹೆಸರಿನ ಚೀಟಿ ಅಂಟಿಸಿದ ಡಬ್ಬಿ ತಂದು ಹಂಡೆ ಒಲೆಯ ಸುತ್ತ ಇಟ್ಟು ಹೋಗುವುದು, ಭಾನುವಾರ ಬೆಳಿಗ್ಗೆ ಬಂದು ಒಯ್ಯುವುದು. ವಿಶಾಲಾಕ್ಷಿ ಆ ಹಳೇ ಕಿಂಡಿಯ ಹಿಂದೆ ನಿಂತು, "ಶ್ರೀಲತಾ ಅವರದ್ದು ಇಡ್ಲೀದು, ಸ್ಟೀಲ್ ಡಬ್ಬಿ," ಎಂದು ಒಂದೊಂದೇ ಹೊರಕ್ಕೆ ಕೊಡುತ್ತಿದ್ದಳು. ಒಮ್ಮೆ ಟ್ಯೂಬಿನಲ್ಲಿ ನನ್ನ ತೊಡೆಯ ಮೇಲಿನ ಡಬ್ಬಿಯ ಮುಚ್ಚಳ ತಾನಾಗಿ ಮೆಲ್ಲಗೆ ಮೇಲೇಳತೊಡಗಿತು. ಎದುರಿಗೆ ಕೂತಿದ್ದ ಸೂಟು ತೊಟ್ಟವನು ಮುಂದಿನ ಸ್ಟೇಷನ್ನಿನಲ್ಲಿ ಇಳಿದೇ ಹೋದ.

ಹೀಗೆ, ಹೊಸ್ತಿಲು ದಾಟಲೊಲ್ಲೆ ಎಂದವಳು ಆ ಮನೆಗೆ ಅಂಟಿಕೊಂಡಳು. ತೊಲೆಗಳಿಗೆ ಶುಕ್ರವಾರ ಎಣ್ಣೆ ಒರೆಸುತ್ತಿದ್ದಳು. ಇಳಿಜಾರು ನೆಲದಲ್ಲಿ ಲಾಡು ಬಿದ್ದರೆ ಯಾವ ಮೂಲೆಗೆ ಉರುಳುತ್ತದೆ ಎಂದು ನೋಡದೆಯೇ ಹೇಳುತ್ತಿದ್ದಳು.

ಆದರೆ ಉಮಾಶಂಕರರಿಗೆ ಸಾಕಾಗಿ ಹೋಗಿತ್ತು. ಅವರದ್ದೂ ತಪ್ಪಿಲ್ಲ ಬಿಡಿ. ಹಣೆಯ ಮೇಲೆ ಒಂದು ಬುಗುಟು ಕಾಯಂ ಆಗಿತ್ತು. ಅದಕ್ಕಿಂತ ಹೆಚ್ಚಾಗಿ, ಮಹಡಿಯ ಮಲಗುವ ಕೋಣೆಯ ಬೀರುವಿನಲ್ಲಿ ಬೀಗ ಹಾಕಿಟ್ಟ ಅವರ ಕೋಟುಗಳೆಲ್ಲ ಇಂಗು ನಾರುತ್ತಿದ್ದವು. ಅವರು ಅರಿವಳಿಕೆ ಕೊಡುವ ಡಾಕ್ಟರು. ಒಬ್ಬ ಮುದುಕ ರೋಗಿ ಪ್ರಜ್ಞೆ ತಪ್ಪುವ ಮುಂಚೆ, ಊಟದ ಹೊತ್ತಾಯಿತೇ ಎಂದು ಕೇಳಿದನಂತೆ.

"ಅಡುಗೆಮನೆ ಬಾಗಿಲು ಮುಚ್ಚಿರ್ತೀನಿ, ಮೆಟ್ಟಿಲ ಬಾಗಿಲೂ ಮುಚ್ಚಿರ್ತೀನಿ. ಬೀರು ಒಳಗೆ ಹೆಂಗೆ ಹೋಗತ್ತೆ ನನ್ನ ಇಂಗು?" ಎಂದು ಅವಳು.

"ನಡ್ಕೊಂಡು ಹೋಗತ್ತೆ!" ಎಂದು ಅವರು.

2002ರ ಏಪ್ರಿಲ್‌ನಲ್ಲಿ ಅವರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಇದೊಂದು ಅರ್ಜಿ ಕೊನೆಯದು. ಈ ಸಲವೂ ಇಲ್ಲವೆಂದರೆ ಮನೆ ಮಾರುವುದು. ಹೊಸ ಮನೆಯೊಂದನ್ನು ನೋಡಿಯೂ ಆಗಿತ್ತು, ಎತ್ತರದ ಬಾಗಿಲು, ಒಲೆಯ ಮೇಲೆ ಹೊಗೆ ಹೀರುವ ಯಂತ್ರ. ಟಾರ್ಚ್ ಸಾಹೇಬ ಕೊನೆಯ ಸಲ ನೋಡಲು ಬರುವುದು ಗುರುವಾರ, ಮನೆ ಮಾರುವ ಏಜೆಂಟು ಬರುವುದು ಶುಕ್ರವಾರ.

ವಿಶಾಲಾಕ್ಷಿ ನನಗೆ ಫೋನು ಮಾಡಿ ಅತ್ತಳು. ಅವಳು ಅತ್ತದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. "ತೂತು ಬೇಡ ಕಲ್ಯಾಣಕ್ಕ, ಒಗ್ಗರಣೇನೇ ಬಿಡ್ತೀನಿ ಅಂದೆ. ಹಂಗೂ ಒಪ್ಪಲಿಲ್ಲ. ಒಗ್ಗರಣೆ ಇಲ್ದಿರೋ ಸಾರು ತಿನ್ನೋಕೆ ಈ ಸಗಣಿ ಮನೇಲಿ ಯಾಕಿರ್ಬೇಕು ಅಂತಾರೆ."

"ಅಳಬ್ಯಾಡವಾ. ರಜಾ ಹಾಕಿ ಬರ್ತೀನಿ," ಎಂದೆ. ಅವಳ ಮೇಲಿನ ಮರುಕದ ಜೊತೆಗೆ ಹಿಟ್ಟಿನ ಡಬ್ಬಿಯ ಚಿಂತೆಯೂ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ.

ಗುರುವಾರ ಬೆಳಿಗ್ಗೆ ಹೋದರೆ ಅವಳು ಅಳುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಂಡೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಸೂರು ದಿಟ್ಟಿಸುತ್ತಿದ್ದಳು. ರಾತ್ರಿ ಡ್ಯೂಟಿ ಮುಗಿಸಿ ಬಂದ ಗಂಡ ಮಹಡಿಯಲ್ಲಿ ಮಲಗಿದ್ದರು.

"ಕಲ್ಯಾಣಕ್ಕ, ನಿಮ್ಮನೆ ಬಚ್ಚಲಲ್ಲಿ ಹಂಡೆ ಒಲೆ ಇತ್ತಾ?"

"ಇತ್ತು."

"ಹೊಗೆ ಎಲ್ಲಿಂದ ಹೋಗ್ತಿತ್ತು?"

"ಮ್ಯಾಲಿನ ಕಿಂಡ್ಯಾಗಿಂದ. ಮತ್ತೆಲ್ಲಿಂದ ಹೊಕ್ಕೈತಿ?"

"ನೋಡಿ! ಇಷ್ಟಗಲದ ಹಂಡೇಲಿ ದಿನಾ ಕುದಿಸ್ತಿದ್ರು ಅಂದ್ರೆ ಹೊಗೆ, ಹಬೆ ಎಲ್ಲಿಗೆ ಹೋಗ್ತಿತ್ತು? ಕುಡಿಯೋಕೆ ಬಂದೋರ ಮೂಗಿಗಾ? ದಾರಿ ಇರ್ಲೇಬೇಕು. ಎಂಟು ವರ್ಷ ನಾನು ತೂತು ಕೇಳ್ತಾ ಕೂತೆ, ತೂತು ಎಲ್ಲಿದೆ ಅಂತ ಹುಡುಕ್ಲೇ ಇಲ್ಲ. ಅವರ ಬೀರು ಇಂಗು ನಾರತ್ತಲ್ಲ, ಅದಕ್ಕೇ ಗೊತ್ತು ದಾರಿ."

ಬಾಂಡ್ಲಿಯ ಪಕ್ಕ ಒಂದು ತಟ್ಟೆ ತುಂಬ ಗುಂಟೂರು ಮೆಣಸಿನಕಾಯಿ ಇತ್ತು.

"ಯಾರ್ನ ಕೊಲ್ಲಾಕ ಹೊಂಟೀಯವಾ ಇಷ್ಟ ಇಟಗೊಂಡು?"

"ನಿಮ್ಮ ಬ್ಯಾಡಗಿ ಬಣ್ಣಕ್ಕಷ್ಟೇ ಸರಿ. ಇವತ್ತು ಘಾಟು ಬೇಕು," ಎಂದಳು.

ಹನ್ನೊಂದು ಗಂಟೆಗೆ ಟಾರ್ಚ್ ಸಾಹೇಬ ಬಂದ. ವಿಶಾಲಾಕ್ಷಿ ಅವನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಹೊಗೆ ಗಂಟೆಯ ಬ್ಯಾಟರಿ ತೆಗೆದು, ಎರಡು ಬಾಗಿಲೂ ಭದ್ರ ಮಾಡಿದಳು. ಹಂಡೆ ಒಲೆಯ ಕಟ್ಟೆಯ ಮೇಲೆ ಸಣ್ಣ ಗ್ಯಾಸ್ ಒಲೆ, ಅದರ ಮೇಲೆ ಬಾಂಡ್ಲಿ, ಎಣ್ಣೆ, ಸಾಸಿವೆ. ಸಾಸಿವೆ ಚಟಪಟ ಎಂದದ್ದೇ ಇಂಗು ಹಾಕಿ, ತಟ್ಟೆಯ ಮೆಣಸಿನಕಾಯಿಯನ್ನೆಲ್ಲ ಒಮ್ಮೆಗೇ ಸುರಿದಳು.

ದೇವರೇ! ನಾನು ಮೂಗಿಗೆ ಸೆರಗು ಒತ್ತಿ ನೆಲಕ್ಕೆ ಕೂತೆ. ಸಾಹೇಬನ ಮುಖ ಮೊದಲು ಕೆಂಪಾಯಿತು, ಆಮೇಲೆ ಯಾವ ಬಣ್ಣವಾಯಿತೋ ಕಣ್ಣೀರಲ್ಲಿ ನನಗೆ ಕಾಣಲಿಲ್ಲ. ವಿಶಾಲಾಕ್ಷಿ ಮಾತ್ರ ಕಣ್ಣು ಮಿಟುಕಿಸದೆ ನಿಂತು, "ಟಾರ್ಚ್! ಟಾರ್ಚ್!" ಎಂದು ಅವನ ಮೊಣಕೈ ಹಿಡಿದು ಮೇಲಕ್ಕೆ ಎತ್ತಿದಳು.

ಬೆಳಕಿನಲ್ಲಿ ಹೊಗೆ ಸ್ವಲ್ಪ ಹೊತ್ತು ತೊಲೆಯ ಕೆಳಗೆ ಅಲೆದಾಡಿತು. ಆಮೇಲೆ ತನ್ನ ಮನೆಯ ದಾರಿ ನೆನಪಾದವರಂತೆ ಒಂದೇ ಕಡೆ ಸರಿಯತೊಡಗಿ, ಒಲೆಯ ಮೇಲಿನ ಮೂಲೆಯಲ್ಲಿ, ತೊಲೆಗೂ ಗಾರೆಗೂ ನಡುವಿನ ಕೂದಲೆಳೆಯ ಬಿರುಕಿನೊಳಗೆ ಮಾಯವಾಯಿತು. ಮೂವರೂ ಉಸಿರು ಬಿಗಿಹಿಡಿದು ಕಾದೆವು. ಉಸಿರಾಡುವ ಸ್ಥಿತಿಯೂ ಇರಲಿಲ್ಲ.

ಒಂದು ನಿಮಿಷ ಆಗಿರಬಹುದು. ಮೇಲಿನಿಂದ ಒಂದು ಕೆಮ್ಮು. ಮತ್ತೊಂದು. ಆಮೇಲೆ ಕೆಮ್ಮಿನ ಸರಮಾಲೆ. ಠಪ್ ಎಂದು ತೊಲೆಗೆ ಹಣೆ. "ವಿಶಾಲೂ! ಬೀರುಗೆ ಬೆಂಕಿ ಬಿದ್ದಿದೆ ಕಣೇ!" ಎಂದು ಕೂಗುತ್ತ, ಊರನ್ನೆಲ್ಲ ನಿದ್ದೆ ಮಾಡಿಸುವ ಡಾಕ್ಟರು ಬನಿಯನ್ನು, ಚೌಕುಳಿ ಲುಂಗಿಯಲ್ಲಿ ಧಡಧಡ ಇಳಿದು ಬಂದರು. ತೋಳ ತುಂಬ ಅವರ ಕೋಟುಗಳಿದ್ದವು.

ಸಾಹೇಬ ಅವರನ್ನು ಪಕ್ಕಕ್ಕೆ ಸರಿಸಿ ಮಹಡಿಗೆ ಓಡಿದ. ಬೀರುವಿನ ಹಿಂದಿನ ಗೋಡೆಯಿಂದ ಹೊಗೆ ಎಳೆಎಳೆಯಾಗಿ ಬರುತ್ತಿತ್ತು. ಅವನು ಗೋಡೆಯನ್ನು ಬೆರಳಿಂದ ತಟ್ಟಿದ. ಒಳಗೆ ಪೊಳ್ಳು! ಆ ಮುದುಕ ಕೆಮ್ಮುತ್ತ, ಕಣ್ಣು ಮೂಗು ಸುರಿಸುತ್ತ, ನಮ್ಮ ವಿಶಾಲಾಕ್ಷಿಯ ಎರಡೂ ಕೈ ಹಿಡಿದು ಕುಲುಕಿದ. ಒಲೆಯ ಮೇಲಿಂದ ಮಾಡಿನ ತನಕ ಮರದ ಚೌಕಟ್ಟಿನ ಹೊಗೆಗೂಡು ಇತ್ತು, ಯಾರೋ ಮಹಡಿ ಕಟ್ಟುವಾಗ ಮೇಲೆ ಕೆಳಗೆ ಮುಚ್ಚಿ ಗಾರೆ ಬಳಿದಿದ್ದರು, ಮೂವತ್ತು ವರ್ಷದ ನೌಕರಿಯಲ್ಲಿ ಇಂಥ ಪುರಾವೆ ತಾನು ಕಂಡಿಲ್ಲ ಎಂದ. ಕಂಡಿದ್ದರೆ ನೌಕರಿಯಲ್ಲಿ ಉಳಿಯುತ್ತಿರಲಿಲ್ಲ ಬಿಡಿ.

ಶುಕ್ರವಾರ ಏಜೆಂಟು ಬಂದಾಗ ಉಮಾಶಂಕರ ತಾವೇ ಬಾಗಿಲಿಗೆ ಹೋಗಿ, ಮನೆ ಮಾರುವುದಿಲ್ಲ ಎಂದರು. ಕೌನ್ಸಿಲ್‌ನ ಪತ್ರ ಆಮೇಲೆ ಜೂನ್‌ನಲ್ಲಿ ಬಂತು, ವಿಷಾದವಿಲ್ಲದ ಮೊದಲ ಪತ್ರ. ಆಗಸ್ಟ್‌ನಲ್ಲಿ ಗಾರೆಯವರು ಹೊಗೆಗೂಡು ಬಿಚ್ಚಿದರು. ಒಳಗೆ ಬೆರಳುದಪ್ಪ ಮಸಿ. ಅಷ್ಟರಲ್ಲಿ ಸಾಹೇಬ ಯಾವುದೋ ಹಳೇ ದಫ್ತರ ಕೆದಕಿ ಒಂದು ಹಾಳೆ ತಂದ. 1680ರ ಸುಮಾರಿಗೆ ಈ ಮನೆಯಲ್ಲಿ ಏಲ್ ಕುದಿಸಿ ಮಾರುತ್ತಿದ್ದವಳು ಜೋನ್ ಎಂಬ ಒಬ್ಬ ವಿಧವೆ. ಅವಳ ಒಲೆಯ ಹೊಗೆ ಮತ್ತು ನಾತದ ಮೇಲೆ ನೆರೆಯವರು ಮೂರು ಸಲ ದೂರು ಕೊಟ್ಟಿದ್ದರು. ಒಲೆ ಆರಿಸು ಎಂದು ಮೂರು ಸಲ ಅಪ್ಪಣೆಯಾಗಿತ್ತು. ಮೂರು ಸಲವೂ ಆರಿಸಿರಲಿಲ್ಲ.

ವಿಶಾಲಾಕ್ಷಿ ಆ ಹಾಳೆಯನ್ನು ಎರಡು ಸಲ ಓದಿಸಿ ಕೇಳಿದಳು.

ಅಕ್ಟೋಬರಿನಲ್ಲಿ ಮಹಾಲಯ ಅಮಾವಾಸ್ಯೆ. ಅವಳ ತವರಿನ ಕಡೆ ಅದು ಹಿರಿಯರ ಹಬ್ಬ. ತೀರಿಕೊಂಡವರಿಗೆಲ್ಲ ಅವರವರ ಇಷ್ಟದ್ದನ್ನು ಬಡಿಸಿ ಎಡೆ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕಾಯುತ್ತಾರೆ. ಅವರು ಬಂದು ಉಂಡು ಹೋಗುತ್ತಾರೆಂದು ನಂಬಿಕೆ. ಆ ವರ್ಷ ಭಾನುವಾರ ಬಂದಿತ್ತು, ನನ್ನನ್ನೂ ಕರೆದಿದ್ದರು. ಮಾವನ ಎಲೆಗೆ ನಶ್ಯದ ಡಬ್ಬಿ, ಅತ್ತೆಯ ಎಲೆಗೆ ಕೊಬ್ಬರಿ ಮಿಠಾಯಿ, ಅವಳ ತಾತನ ಎಲೆಗೆ ಒಂದು ಕಟ್ಟು ಬೀಡಿ. ಹಂಡೆ ಒಲೆಗೆ ಹತ್ತಿರವಾಗಿ ಇನ್ನೊಂದು ಎಲೆ ಇತ್ತು. ಒಬ್ಬಟ್ಟು, ಕೋಸಂಬರಿ, ಸಾರು ಎಲ್ಲ ಬಡಿಸಿ, ಪಕ್ಕದಲ್ಲಿ ಒಂದು ಬಾಟಲಿ ಏಲ್, ಒಂದು ಗಾಜಿನ ಲೋಟ.

ಉಮಾಶಂಕರ ಕಣ್ಣುಜ್ಜಿಕೊಂಡರು. "ಇದನ್ನ ತಂದೋರು ಯಾರೇ?"

"ನಾನೇ ಹೋಗಿ ತಂದೆ. ಮುನ್ನೂರು ವರ್ಷದ ಹಿಂದಿನ ಹೆಂಗಸಿಗೆ ಯಾವುದು ಹಿಡಿಸತ್ತೆ ಅಂತ ಅಂಗಡಿಯವನ್ನ ಕೇಳಿದೆ. ಪಾಪ, ತುಂಬ ಯೋಚಿಸಿ ಕೊಟ್ಟ."

"ಇಪ್ಪತ್ತಮೂರು ವರ್ಷ ಆಯ್ತು ಮದುವೆಯಾಗಿ, ನನಗೆ ಒಂದು ದಿನ ತಂದಿಟ್ಟಿದ್ದೀಯಾ?"

"ನೀವು ಸತ್ತಮೇಲೆ ಇಡ್ತೀನಿ ಬಿಡಿ," ಎಂದಳು, ಒಬ್ಬಟ್ಟಿಗೆ ತುಪ್ಪ ಹಾಕುತ್ತ.

ನಾನು ನಕ್ಕ ನಗೆಗೆ ಬೃಂದಾ ನನ್ನ ಬೆನ್ನು ತಟ್ಟಬೇಕಾಯಿತು. ಕೊನೆಗೆ ವಿಶಾಲಾಕ್ಷಿ ಲೋಟಕ್ಕೆ ಏಲ್ ಬಗ್ಗಿಸಿದಳು. ಆ ಕೈ ಜನ್ಮದಲ್ಲಿ ಬಾಟಲಿ ಬಗ್ಗಿಸಿದ್ದಲ್ಲ, ಅರ್ಧ ನೊರೆಯೇ ಆಯಿತು. ಆಮೇಲೆ ಸಾರಿಗೆ ಒಗ್ಗರಣೆ ಹಾಕಿದಳು. ಘಾಟು ನೆಟ್ಟಗೆ ಮೇಲೆದ್ದು ಹೊಗೆಗೂಡಿನೊಳಗೆ ಹೋಯಿತು. ಯಾರೂ ಕೆಮ್ಮಲಿಲ್ಲ, ಗಂಟೆ ಬಡಿಯಲಿಲ್ಲ, ಪಕ್ಕದ ನಾಯಿಯೂ ಸುಮ್ಮನಿತ್ತು.

ಎಲ್ಲರೂ ಹಿತ್ತಿಲಿಗೆ ಬಂದು ನಿಂತೆವು. ಮಾಡಿನ ಮೇಲಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಉಮಾಶಂಕರ ತಮ್ಮ ಅಪ್ಪ ಅಮ್ಮನ ಹೆಸರು ಹೇಳಿ ಕರೆದರು. ವಿಶಾಲಾಕ್ಷಿ ತಾತನನ್ನು ಕರೆದಳು. ಆಮೇಲೆ ಬಾಗಿಲ ಚಿಲಕದ ಮೇಲೆ ಕೈಯಿಟ್ಟು ಸ್ವಲ್ಪ ತಡೆದಳು. ಅವಳ ಕಣ್ಣು ತುಂಬಿದ್ದು ಮೆಣಸಿನಕಾಯಿಯಿಂದಲ್ಲ.

"ಜೋನಮ್ಮ, ನೀವೂ ಬನ್ನಿ," ಎಂದಳು. "ನಿಮ್ಮ ಮನೇಲೇ ನಿಮ್ಮನ್ನ ಊಟಕ್ಕೆ ಕರೀತಾ ಇದ್ದೀನಿ, ತಪ್ಪು ತಿಳ್ಕೋಬೇಡಿ."

ಹಾಗೆಂದು ಮೆಲ್ಲಗೆ ಬಾಗಿಲು ಮುಂದೆ ಮಾಡಿದಳು.